ಮರಳುವ ದಿನದಿಂದ ಹಿಂದಕ್ಕೆ ಎಣಿಸಿ: ಚಳಿಗಾಲದ ಕೊನೆಯ ಟೆಂಟು ಪ್ರವಾಸ ಮತ್ತು ವಸಂತದ ಹೊಸ್ತಿಲಲ್ಲಿರುವ ಮನೆ

ಚಳಿಗಾಲ ಇನ್ನೂ ಪೂರ್ತಿಯಾಗಿ ಕಾಲ್ತೆಗೆಯದ, ಆದರೆ ಹಗಲು ಕಣ್ಣಿಗೆ ಕಾಣುವಷ್ಟು ಉದ್ದವಾಗುತ್ತಿರುವ ವಾರಗಳಲ್ಲಿ ಕಾರಿಗೆ ಟೆಂಟು ತುಂಬಿಕೊಂಡು ಹೊರಡುವ ಪ್ರವಾಸಕ್ಕೆ ಬೇರೆ ಕಾಲದ ಪ್ರವಾಸಗಳಿಗಿಲ್ಲದ ಒಂದು ವಿಶೇಷವಿದೆ: ನಾವು ಬೀಗ ಹಾಕಿ ಹೋದ ಮನೆಗೂ ಮರಳಿ ಬಂದು ಬೀಗ ತೆಗೆಯುವ ಮನೆಗೂ ನಡುವೆ ಋತುವೇ ಬದಲಾಗಿರುತ್ತದೆ. ಹೊರಡುವಾಗ ಬೋಳಾಗಿದ್ದ ಕೊಂಬೆಯಲ್ಲಿ ಮೊಗ್ಗು ಉಬ್ಬಿರುತ್ತದೆ; ಕಲ್ಲಿನಂತೆ ಹೆಪ್ಪುಗಟ್ಟಿದ್ದ ಅಂಗಳದ ಮಣ್ಣು ಕಾಲಿಟ್ಟರೆ ಇಳಿಯುವಷ್ಟು ಮೆತ್ತಗಾಗಿರುತ್ತದೆ. ಇಂಥ ಪ್ರವಾಸದ ಮೊದಲ ಕೆಲವು ವರ್ಷ ನಾನು ನನ್ನ ಸಿದ್ಧತೆಯನ್ನೆಲ್ಲ ಹೊರಡುವ ದಿನದ ಮೇಲೆ ಸುರಿದೆ. ಕೊನೆಯ ದಿನ ಹತ್ತು ಗಂಟೆ ಕಾರು ಓಡಿಸಿ, ನಡುರಾತ್ರಿ ಮನೆ ಸೇರಿ, ಮರುದಿನ ಬೆಳಿಗ್ಗೆ ಕೆಲಸಕ್ಕೆ ಓಡುತ್ತಿದ್ದೆ. ಒಂದು ವರ್ಷ ಒದ್ದೆ ಟೆಂಟು ನಾಲ್ಕು ದಿನ ಕಾರಿನ ಡಿಕ್ಕಿಯಲ್ಲೇ ಉಳಿಯಿತು. ಬಿಚ್ಚಿದಾಗ ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು, ಬಟ್ಟೆಯ ಹೊಲಿಗೆಗಳ ಉದ್ದಕ್ಕೂ ಬೂಷ್ಟಿನ ಕಪ್ಪು ಚುಕ್ಕೆಗಳು ಹಬ್ಬಿದ್ದವು, ಅವು ಇಂದಿಗೂ ಹೋಗಿಲ್ಲ. ಅಂಗಳದಲ್ಲಿ ಆ ವರ್ಷದ ಮೊದಲ ಹೂಗಳು ಅರಳಿ ಬಾಡಿದ್ದೂ ನನಗೆ ತಿಳಿಯಲಿಲ್ಲ. ಆಮೇಲಿನಿಂದ ನಾನು ಈ ಪ್ರವಾಸವನ್ನು ಮರಳುವ ದಿನದಿಂದ ಹಿಂದಕ್ಕೆ ಎಣಿಸಿ ಯೋಜಿಸುತ್ತೇನೆ, ಮತ್ತು ಹಾಗೆ ಮಾಡುವ ಕ್ರಮವನ್ನೇ ಇಲ್ಲಿ ವಿವರಿಸುತ್ತಿದ್ದೇನೆ.

ಮೊದಲು ಮನೆಗೆ ಬಂದು ತಲಪುವ ಹೊತ್ತನ್ನು ನಿಶ್ಚಯಿಸಿಕೊಳ್ಳಿ. ಅದು ಮಧ್ಯಾಹ್ನಕ್ಕೆ ಮುಂಚೆ ಇರಬೇಕು, ಮತ್ತು ಅದರ ಮರುದಿನ ಯಾವ ಕೆಲಸವೂ ಇಲ್ಲದ ಪೂರ್ತಿ ದಿನವಾಗಿರಬೇಕು. ಅಲ್ಲಿಂದ ಹಿಂದಕ್ಕೆ ಬಂದರೆ, ಕೊನೆಯ ರಾತ್ರಿಯ ತಂಗುದಾಣ ಮನೆಯಿಂದ ಮೂರು ಗಂಟೆಯ ದಾರಿಯೊಳಗೆ ಇರಬೇಕೆಂಬುದು ತಾನಾಗಿಯೇ ತೀರ್ಮಾನವಾಗುತ್ತದೆ. ಅದಕ್ಕೂ ಹಿಂದಿನ ದಿನಗಳನ್ನು ನಿಮ್ಮ ಇಷ್ಟದಂತೆ ತುಂಬಿಕೊಳ್ಳಬಹುದು. ಹತ್ತು ದಿನದ ರಜೆಯಿದ್ದರೆ ಎಂಟು ದಿನ ಮಾತ್ರ ಪ್ರವಾಸಕ್ಕೆ ಸಿಗುತ್ತದೆ ಎಂಬುದು ಮೊದಮೊದಲು ನಷ್ಟವೆನಿಸುತ್ತದೆ, ಆದರೆ ಆ ಎರಡು ದಿನಗಳನ್ನು ಉಳಿಸಿಕೊಳ್ಳದವರು ಮುಂದಿನ ಎರಡು ವಾರಗಳ ಸಂಜೆಗಳಲ್ಲಿ ಅದೇ ಕೆಲಸವನ್ನು ಚೂರುಚೂರಾಗಿ, ಬೇಸರದಿಂದ ಮಾಡುತ್ತಿರುತ್ತಾರೆ.

ಯಾವ ದಿಕ್ಕಿಗೆ ಹೋಗಬೇಕೆಂಬುದನ್ನು ತೀರ್ಮಾನಿಸುವಾಗಲೂ ಋತುವಿನ ನಡಿಗೆಯ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಹಗಲೂ ರಾತ್ರಿಯೂ ಸಮವಾಗುವ ವಿಷುವದ ಆಸುಪಾಸಿನಲ್ಲಿ ಹಗಲಿನ ಅವಧಿ ವರ್ಷದಲ್ಲೇ ಅತ್ಯಂತ ವೇಗವಾಗಿ ಬದಲಾಗುತ್ತದೆ. 45 ಡಿಗ್ರಿ ಅಕ್ಷಾಂಶದಲ್ಲಿ ಅದು ದಿನಕ್ಕೆ ಮೂರು ನಿಮಿಷಕ್ಕೂ ಸ್ವಲ್ಪ ಹೆಚ್ಚು, ಅಂದರೆ ಹತ್ತು ದಿನದ ಪ್ರವಾಸ ಮುಗಿಸಿ ಬರುವಷ್ಟರಲ್ಲಿ ಅರ್ಧ ಗಂಟೆಗೂ ಮೀರಿದ ಬೆಳಕು ಕೂಡಿಕೊಂಡಿರುತ್ತದೆ. ಅಮೆರಿಕದ ಕೀಟವಿಜ್ಞಾನಿ ಆಂಡ್ರ್ಯೂ ಡೆಲ್ಮಾರ್ ಹಾಪ್ಕಿನ್ಸ್ 1918ರಲ್ಲಿ ಇನ್ನೊಂದು ಲೆಕ್ಕವನ್ನು ಮುಂದಿಟ್ಟರು: ಉತ್ತರಕ್ಕೆ ಒಂದು ಡಿಗ್ರಿ ಅಕ್ಷಾಂಶ ಸರಿದರೆ, ಅಥವಾ ಸುಮಾರು 120 ಮೀಟರ್ ಎತ್ತರಕ್ಕೆ ಏರಿದರೆ, ವಸಂತದ ಗುರುತುಗಳು ನಾಲ್ಕು ದಿನ ತಡವಾಗುತ್ತವೆ. ಅವರು ಇದನ್ನು ಉತ್ತರ ಅಮೆರಿಕವನ್ನು ನೋಡಿ ಹೇಳಿದ್ದು. ಭೂಮಿಯ ದಕ್ಷಿಣಾರ್ಧದಲ್ಲಿ ದಿಕ್ಕನ್ನು ತಿರುಗಿಸಿಕೊಳ್ಳಬೇಕು, ಸಮುದ್ರದ ಪಕ್ಕದಲ್ಲಿ ಲೆಕ್ಕ ಏರುಪೇರಾಗುತ್ತದೆ, ಹಾಗಾಗಿ ಇದನ್ನು ಒರಟು ಅಂದಾಜಾಗಿ ಮಾತ್ರ ಇಟ್ಟುಕೊಳ್ಳಿ. ಆದರೂ ಮನೆಗಿಂತ 600 ಮೀಟರ್ ತಗ್ಗಿನಲ್ಲಿರುವ ಕಣಿವೆಯಲ್ಲಿ ಇಂದು ಕಂಡ ಚಿಗುರು ನಿಮ್ಮ ಅಂಗಳಕ್ಕೆ ಬರಲು ಇನ್ನೂ ಸುಮಾರು ಇಪ್ಪತ್ತು ದಿನ ಬೇಕು ಎಂದು ಅದರಿಂದ ತಿಳಿಯುತ್ತದೆ. ನನ್ನ ಅನುಭವದಲ್ಲಿ ಮೊದಲು ತಗ್ಗಿನ ಬೆಚ್ಚಗಿನ ಜಾಗಗಳಿಗೆ ಹೋಗಿ, ಎತ್ತರದ ಜಾಗಗಳನ್ನು ಕೊನೆಯ ದಿನಗಳಿಗೆ ಇಟ್ಟುಕೊಳ್ಳುವುದು ಒಳ್ಳೆಯದು: ಆ ಹೊತ್ತಿಗೆ ಅಲ್ಲಿನ ಚಳಿಯೂ ಒಂದಿಷ್ಟು ಇಳಿದಿರುತ್ತದೆ, ನಿಮ್ಮ ಮೈಯೂ ಹೊರಗೆ ಮಲಗುವುದಕ್ಕೆ ಹೊಂದಿಕೊಂಡಿರುತ್ತದೆ.

ಮನೆಗೆ ಬೀಗ ಹಾಕುವ ಮೊದಲು

ಖಾಲಿ ಮನೆಗೆ ಚಳಿಗಾಲದ ಕೊನೆಯಲ್ಲಿ ದೊಡ್ಡ ಅಪಾಯವೆಂದರೆ ನೀರಿನ ಕೊಳವೆ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಕೊಳವೆ ಒಡೆಯುವುದು ಆ ಒತ್ತಡಕ್ಕೆ, ಆದರೆ ಒಡೆದದ್ದು ತಿಳಿಯುವುದು ಮಂಜು ಕರಗಿ ನೀರು ಹರಿಯಲು ಶುರುವಾದ ಮೇಲೆ. ಆದುದರಿಂದ ಮುಖ್ಯ ನಲ್ಲಿಯನ್ನು ಮುಚ್ಚಿ, ಒಳಗಿನ ನಲ್ಲಿಗಳನ್ನು ಒಮ್ಮೆ ತೆರೆದು ಒತ್ತಡ ಇಳಿಸಿ, ಹೊರಗಿನ ನಲ್ಲಿಯ ರಬ್ಬರ್ ಪೈಪನ್ನು ಕಳಚಿಡಿ. ಮನೆಯನ್ನು ಬೆಚ್ಚಗಿಡುವ ಯಂತ್ರವಿದ್ದರೆ ಅದನ್ನು ಪೂರ್ತಿ ಆರಿಸದೆ 12 ಅಥವಾ 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಿಡಿ. ಫ್ರೀಜರಿನಲ್ಲಿ ಒಂದು ಲೋಟ ನೀರನ್ನು ಗಡ್ಡೆಕಟ್ಟಿಸಿ ಅದರ ಮೇಲೊಂದು ನಾಣ್ಯವನ್ನಿಟ್ಟು ಹೋಗಿ. ಮರಳಿ ಬಂದಾಗ ನಾಣ್ಯ ಮೇಲೆಯೇ ಇದ್ದರೆ ಒಳಗಿನ ಆಹಾರ ಕರಗಿಲ್ಲ. ಅದು ಲೋಟದ ನಡುವಿಗೋ ತಳಕ್ಕೋ ಇಳಿದಿದ್ದರೆ ನೀವಿಲ್ಲದಾಗ ವಿದ್ಯುತ್ತು ದೀರ್ಘಕಾಲ ಹೋಗಿ, ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ, ಮತ್ತು ಆ ಆಹಾರವನ್ನು ಎಸೆಯಬೇಕು.

ತೋಟದ ಉತ್ಸಾಹಿಗಳಿಗೆ ಒಂದು ಮಾತು. ಹೊರಡುವ ಮೊದಲು ಒಳಗಡೆ ತಟ್ಟೆಗಳಲ್ಲಿ ಬೀಜ ಬಿತ್ತಿ ಹೋಗುವ ಆಸೆಯನ್ನು ದಯವಿಟ್ಟು ತಡೆದುಕೊಳ್ಳಿ. ಮೊಳಕೆಯೊಡೆದ ಮೊದಲ ವಾರದಲ್ಲೇ ಸಸಿಗೆ ಬೆಳಕೂ ನೀರೂ ಹೆಚ್ಚು ಬೇಕು. ಮಬ್ಬು ಕೋಣೆಯಲ್ಲಿ ಅವು ಬಿಳಿಚಿಕೊಂಡು ಉದ್ದುದ್ದ ಬೆಳೆದು ಬಾಗಿಬಿಡುತ್ತವೆ. ಬೀಜದ ಪೊಟ್ಟಣಗಳನ್ನೂ ಮಣ್ಣಿನ ತಟ್ಟೆಗಳನ್ನೂ ಮೇಜಿನ ಮೇಲೆ ಜೋಡಿಸಿಟ್ಟು ಹೋದರೆ ಸಾಕು. ಅವುಗಳ ಪಕ್ಕದಲ್ಲೇ ಟೆಂಟು ಒಣಗಿಸುವ ಹಗ್ಗ, ಚೆನ್ನಾಗಿ ಒಗೆದ ಒಂದು ಜೊತೆ ಬಟ್ಟೆ, ಮೊದಲ ಊಟಕ್ಕೆ ಬೇಕಾದ ಕೆಡದ ಸಾಮಗ್ರಿ, ಇವನ್ನು ಇಡಿ. ದಣಿದು ಬಂದವರು ಏನನ್ನೂ ಹುಡುಕುವಂತಾಗಬಾರದು.

ಕಾರು ಮತ್ತು ಅದರೊಳಗಿನ ಜೋಡಣೆ

ಕಾರಿನ ವಿಷಯದಲ್ಲಿ ಮುಖ್ಯವಾದವು ಕೆಲವೇ. ಗಾಳಿಯ ಉಷ್ಣತೆ ಸುಮಾರು 5.5 ಡಿಗ್ರಿ ಸೆಲ್ಸಿಯಸ್ ಇಳಿದಾಗಲೆಲ್ಲ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ (ಟೈರಿನ ಗಾಳಿಯ ಒತ್ತಡವನ್ನು ಅಳೆಯುವ ಮಾನ) ಕಡಿಮೆಯಾಗುತ್ತದೆ, ಹಾಗಾಗಿ ಬೆಚ್ಚಗಿನ ಗ್ಯಾರೇಜಿನಲ್ಲಿ ತುಂಬಿದ ಗಾಳಿಯನ್ನು ನಂಬದೆ ತಣ್ಣಗಿರುವ ಬೆಳಗ್ಗೆ, ಕಾರು ಓಡುವ ಮೊದಲು ಅಳೆಯಿರಿ. ಹಳೆಯ ಬ್ಯಾಟರಿ ಚಳಿಯಲ್ಲಿ ಮೊದಲು ಕೈಕೊಡುತ್ತದೆ, ಆದ್ದರಿಂದ ಹೊರಡುವ ವಾರದಲ್ಲೇ ಅದನ್ನು ಪರೀಕ್ಷೆ ಮಾಡಿಸಿ. ಗಾಜು ತೊಳೆಯುವ ದ್ರವ ಹೆಪ್ಪುಗಟ್ಟದ ಬಗೆಯದ್ದಾಗಿರಲಿ.

ಸಾಮಾನು ತುಂಬುವಾಗ ಮೊದಲು ಬೇಕಾದದ್ದು ಕೊನೆಗೆ ಒಳಹೋಗಬೇಕೆಂಬುದು ಎಲ್ಲರಿಗೂ ತಿಳಿದಿರುವ ಕ್ರಮ. ಅದಕ್ಕೆ ನಾನು ಸೇರಿಸುವುದು ಒಂದು ಖಾಲಿ ಡಬ್ಬ. ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬವೊಂದನ್ನು ಹೊರಡುವಾಗಲೇ ಖಾಲಿಯಾಗಿ ಇಟ್ಟುಕೊಂಡು, ಒದ್ದೆಯಾದ ಟೆಂಟು, ಕೆಸರಾದ ನೆಲಹಾಸು, ಬೂಟುಗಳಿಗೆಂದೇ ಮೀಸಲಿಡಿ. ಕಾರಿನಲ್ಲಿ ಜಾಗ ಸಾಲದಾಗ ಆ ಡಬ್ಬಕ್ಕೆ ಬೇರೆ ಸಾಮಾನು ತುಂಬುವ ಮನಸ್ಸಾಗುತ್ತದೆ. ಆಗ ಬೇರೆ ಯಾವುದನ್ನಾದರೂ ಮನೆಯಲ್ಲೇ ಬಿಡಿ, ಡಬ್ಬವನ್ನು ಮಾತ್ರ ಖಾಲಿ ಇಡಿ. ಒಂದು ಒದ್ದೆ ವಸ್ತು ಮುಚ್ಚಿದ ಕಾರಿನೊಳಗೆ ಬಿಡುವ ತೇವ ರಾತ್ರಿಯಾಗುವಷ್ಟರಲ್ಲಿ ಒಣಗಿದ್ದ ಹಾಸಿಗೆಯನ್ನೂ ತಲಪಿರುತ್ತದೆ.

ಚಳಿಯ ರಾತ್ರಿಯನ್ನು ಬೆಚ್ಚಗೆ ಕಳೆಯುವುದು

ಈ ಪ್ರವಾಸದ ಯಶಸ್ಸು ನಿಂತಿರುವುದು ರಾತ್ರಿಗಳ ಮೇಲೆ. ಹಗಲು ಹದವಾಗಿದ್ದರೂ ಆಕಾಶ ತಿಳಿಯಾಗಿರುವ ರಾತ್ರಿ ನೆಲದ ಬಿಸಿಯೆಲ್ಲ ಆಕಾಶಕ್ಕೆ ಹೊರಟುಹೋಗುತ್ತದೆ, ಮತ್ತು ತಣ್ಣನೆಯ ಗಾಳಿ ಭಾರವಾದ್ದರಿಂದ ನೀರಿನಂತೆಯೇ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹೊಳೆಯ ಪಕ್ಕದ ಸಮತಟ್ಟಾದ ಹುಲ್ಲುಹಾಸು ಸಂಜೆಯಲ್ಲಿ ಎಷ್ಟೇ ಕರೆಯುವಂತಿದ್ದರೂ ಬೆಳಗಿನ ಜಾವದಲ್ಲಿ ಅದೇ ಅತಿ ತಣ್ಣನೆಯ, ಅತಿ ತೇವದ ಜಾಗವಾಗಿರುತ್ತದೆ. ತಳದಿಂದ ಸ್ವಲ್ಪ ಮೇಲಕ್ಕೆ, ಗಾಳಿ ನೇರವಾಗಿ ಬಡಿಯದ, ಬೆಳಗಿನ ಬಿಸಿಲು ಬೇಗ ತಾಗುವ ಇಳಿಜಾರಿನ ಮಟ್ಟಸ ಜಾಗವನ್ನು ಹುಡುಕಿ. ನೀರಿನ ಅಂಚಿನಿಂದ ಕನಿಷ್ಠ 60 ಮೀಟರ್ ದೂರವಿದ್ದರೆ ನೀರಿಗೂ ಅಲ್ಲಿಗೆ ಬರುವ ಪ್ರಾಣಿಗಳಿಗೂ ತೊಂದರೆಯಾಗುವುದಿಲ್ಲ. ಟೆಂಟು ಬಿಚ್ಚುವ ಮೊದಲು ಒಮ್ಮೆ ತಲೆಯೆತ್ತಿ ನೋಡಿ. ಚಳಿಗಾಲದ ಬಿರುಗಾಳಿ ಮತ್ತು ಹಿಮದ ಭಾರಕ್ಕೆ ಮುರಿದು, ಬೇರೆ ಕೊಂಬೆಗಳ ಮೇಲೆ ಸಿಕ್ಕಿಕೊಂಡು ನಿಂತಿರುವ ಒಣ ಕೊಂಬೆಗಳು ಈ ಕಾಲದಲ್ಲಿ ಹೆಚ್ಚು, ಮತ್ತು ಅವು ಬೀಳಲು ಸಣ್ಣ ಗಾಳಿಯೇ ಸಾಕು.

ಹೊಸಬರು ದಪ್ಪನೆಯ ಸ್ಲೀಪಿಂಗ್ ಬ್ಯಾಗಿಗೆ ಹಣ ಸುರಿದು ಕೆಳಗಿನ ಮ್ಯಾಟನ್ನು ಕಡೆಗಣಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಮೈಭಾರಕ್ಕೆ ಕೆಳಗಿನ ಪದರ ಅಪ್ಪಚ್ಚಿಯಾಗಿ ಅದರೊಳಗಿನ ಗಾಳಿ ಹೋದ ಮೇಲೆ ಬ್ಯಾಗಿನ ತಳ ಹೆಚ್ಚೇನೂ ಕಾಪಾಡುವುದಿಲ್ಲ. ನೆಲ ಬಿಸಿಯನ್ನು ಎಳೆದುಕೊಳ್ಳುವುದನ್ನು ತಡೆಯುವುದು ಮ್ಯಾಟಿನ ಕೆಲಸ. ಮ್ಯಾಟುಗಳ ಈ ಶಕ್ತಿಯನ್ನು ಆರ್ ಮೌಲ್ಯವೆಂಬ ಅಂಕಿಯಿಂದ ಸೂಚಿಸುತ್ತಾರೆ. ರಾತ್ರಿ ಸೊನ್ನೆ ಡಿಗ್ರಿಯ ಆಸುಪಾಸಿಗೆ ಇಳಿಯುವುದಾದರೆ 4 ಅಥವಾ 5ರ ಮೌಲ್ಯವಿರುವುದನ್ನು ಬಳಸಿ. ಒಂದರ ಮೇಲೊಂದು ಹಾಸಿದಾಗ ಮೌಲ್ಯಗಳು ಕೂಡಿಕೊಳ್ಳುವುದರಿಂದ ಗಾಳಿ ತುಂಬುವ ಮ್ಯಾಟಿನ ಕೆಳಗೆ ತೆಳು ಫೋಮ್ ಹಾಳೆಯೊಂದನ್ನು ಹಾಸುವುದು ಸುಲಭದ ಪರಿಹಾರ. ಗಾಳಿಯ ಮ್ಯಾಟು ತೂತಾದ ರಾತ್ರಿ ಆ ಹಾಳೆಯೇ ಗತಿ. ಬ್ಯಾಗಿನ ಮೇಲೆ ಎರಡು ಉಷ್ಣತೆಗಳನ್ನು ಅಚ್ಚು ಹಾಕಿದ್ದರೆ ಆರಾಮದ ಅಂಕಿಯನ್ನು ನಂಬಿ. ಕೆಳಮಿತಿಯೆಂದು ಬರೆದಿರುವ ಅಂಕಿಯಲ್ಲಿ ಮುದುಡಿ ಮಲಗಿ ರಾತ್ರಿ ನೂಕಬಹುದು, ಆರಾಮವಾಗಿ ನಿದ್ರಿಸಲಾಗದು.

ಎರಡನೆಯ ಶತ್ರು ನಮ್ಮದೇ ಉಸಿರು. ನಿದ್ರಿಸುವ ಒಬ್ಬರ ಉಸಿರು ಮತ್ತು ಚರ್ಮದಿಂದ ಒಂದು ರಾತ್ರಿಯಲ್ಲಿ ಸುಮಾರು ಕಾಲು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ, ಮತ್ತು ಟೆಂಟಿನ ಹೊರಬಟ್ಟೆ ತಣ್ಣಗಿರುವುದರಿಂದ ಆ ಆವಿ ಅಲ್ಲಿ ಹನಿಗಟ್ಟಿ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಚಳಿಯೆಂದು ಗಾಳಿಕಿಂಡಿಗಳನ್ನೆಲ್ಲ ಮುಚ್ಚಿದರೆ ಬೆಳಿಗ್ಗೆ ಮಳೆಯಲ್ಲಿ ನೆನೆದಂತಾಗಿರುತ್ತದೆ. ಮೇಲಿನ ಒಂದು ಕಿಂಡಿ, ಕೆಳಗಿನ ಒಂದು ಕಿಂಡಿ ತೆರೆದಿರಲಿ. ಬ್ಯಾಗಿನೊಳಗೆ ಮುಖ ಹುದುಗಿಸಿ ಉಸಿರಾಡಬೇಡಿ, ತಲೆಗೆ ಉಣ್ಣೆಯ ಟೋಪಿ ಹಾಕಿಕೊಳ್ಳಿ. ಒದ್ದೆ ಬಟ್ಟೆಗಳನ್ನು ಟೆಂಟಿನೊಳಗೆ ಒಣಹಾಕಬೇಡಿ.

ಈ ಮಾರ್ಗದರ್ಶಿಯಲ್ಲಿ ನೀವು ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಅದು ಇದಾಗಲಿ: ಟೆಂಟಿನೊಳಗಾಗಲಿ ಕಾರಿನೊಳಗಾಗಲಿ ಗ್ಯಾಸ್ ಸ್ಟೌ, ಇದ್ದಿಲು, ಎಣ್ಣೆಯ ಲಾಂದ್ರ, ಯಾವುದನ್ನೂ ಬೆಚ್ಚಗಾಗಲೆಂದು ಉರಿಸಬೇಡಿ. ಅರೆಬೆಂದ ಇಂಧನದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಅದರ ಮೊದಲ ಲಕ್ಷಣಗಳು, ಆದರೆ ನಿದ್ರಿಸುತ್ತಿರುವವರು ಅವನ್ನು ಅರಿಯುವ ಮೊದಲೇ ಪ್ರಜ್ಞೆ ತಪ್ಪುತ್ತಾರೆ. ಆರಿಹೋದಂತೆ ಕಾಣುವ ಇದ್ದಿಲಿನ ಬೂದಿಯೂ ಗಂಟೆಗಟ್ಟಲೆ ಈ ಅನಿಲವನ್ನು ಬಿಡುತ್ತಿರುತ್ತದೆ. ಬೆಚ್ಚಗಿರಲು ಮಲಗುವ ಮುಂಚೆ ಒಂದಿಷ್ಟು ತಿಂದು, ಒಣ ಕಾಲುಚೀಲ ಧರಿಸಿ, ಬಿಸಿನೀರು ತುಂಬಿದ ಭದ್ರ ಬಾಟಲಿಯೊಂದನ್ನು ಬಟ್ಟೆಯಲ್ಲಿ ಸುತ್ತಿ ತೊಡೆಗಳ ನಡುವೆ ಇಟ್ಟುಕೊಂಡರೆ ಬೆಂಕಿಯ ಅಗತ್ಯವೇ ಬೀಳುವುದಿಲ್ಲ. ರಾತ್ರಿ ಮೂತ್ರಕ್ಕೆ ಎಚ್ಚರವಾದರೆ ಚಳಿಗೆ ಹೆದರಿ ತಡೆದುಕೊಂಡು ಮಲಗಬೇಡಿ. ಎದ್ದು ಹೋಗಿ ಬಂದವರಿಗೆ ಬೇಗ ನಿದ್ರೆ ಹತ್ತುತ್ತದೆ.

ಚಳಿಯಲ್ಲಿ ಅಡುಗೆಯ ಸ್ಟೌ ಹೊತ್ತದಿರುವುದಕ್ಕೆ ಕಾರಣ ಸಾಮಾನ್ಯವಾಗಿ ಡಬ್ಬಿಯೊಳಗಿನ ಅನಿಲದ ಬಗೆ. ಬ್ಯೂಟೇನ್ ಕುದಿಯುವುದು ಸುಮಾರು ಮೈನಸ್ 0.5 ಡಿಗ್ರಿಯಲ್ಲಿ, ಐಸೊಬ್ಯೂಟೇನ್ ಸುಮಾರು ಮೈನಸ್ 12ರಲ್ಲಿ, ಪ್ರೊಪೇನ್ ಮೈನಸ್ 42ರಲ್ಲಿ. ಅಂದರೆ ಹಿಮ ಬೀಳುವ ಬೆಳಗ್ಗೆ ಬರಿಯ ಬ್ಯೂಟೇನ್ ಡಬ್ಬಿಯಲ್ಲಿ ದ್ರವವಾಗಿಯೇ ಕುಳಿತಿರುತ್ತದೆ. ಐಸೊಬ್ಯೂಟೇನ್ ಮತ್ತು ಪ್ರೊಪೇನ್ ಬೆರೆತ ಡಬ್ಬಿಯನ್ನು ಕೊಳ್ಳಿ, ಮತ್ತು ಉರಿ ಸಣ್ಣದಾಯಿತೆಂದು ಅದನ್ನು ಬೆಂಕಿಯ ಹತ್ತಿರ ಹಿಡಿಯಬೇಡಿ, ಅಂಗೈಯ ಬಿಸಿಯಷ್ಟೇ ಸಾಕು. ಕುಡಿಯುವ ನೀರಿನ ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿದರೆ ಮಂಜುಗಡ್ಡೆ ಮೊದಲು ಕಟ್ಟುವುದು ಮೇಲಕ್ಕೆ ಬಂದಿರುವ ತಳದಲ್ಲಿ, ಮುಚ್ಚಳ ಬೆಳಿಗ್ಗೆ ಸರಾಗವಾಗಿ ತೆರೆಯುತ್ತದೆ. ಫೋನನ್ನು ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಿ. ಲಿಥಿಯಂ ಬ್ಯಾಟರಿಗಳನ್ನು ಸೊನ್ನೆ ಡಿಗ್ರಿಗಿಂತ ತಣ್ಣಗಿರುವಾಗ ಚಾರ್ಜ್ ಮಾಡಿದರೆ ಅವು ಶಾಶ್ವತವಾಗಿ ಕೆಡುತ್ತವೆ, ಆದ್ದರಿಂದ ಮೊದಲು ಬೆಚ್ಚಗಾಗಲು ಬಿಡಿ.

ಕರಗುವ ಕಾಲದ ಎಚ್ಚರಗಳು

ಚಳಿಗಾಲದ ಕೊನೆಗೆ ತನ್ನದೇ ಆದ ಕೆಲವು ಮೋಸಗಳಿವೆ. ಹಿಮ ಕರಗಿ ತುಂಬುವ ಹಳ್ಳಗಳು ಬೆಳಿಗ್ಗೆ ಮೊಣಕಾಲು ಮಟ್ಟದಲ್ಲಿದ್ದು ಸಂಜೆಯ ಹೊತ್ತಿಗೆ ಸೊಂಟ ಮುಟ್ಟಬಹುದು, ಏಕೆಂದರೆ ಹಗಲಿನ ಬಿಸಿಲಿಗೆ ಕರಗಿದ ನೀರು ಕೆಳಗೆ ಬಂದು ಸೇರುವುದು ಮಧ್ಯಾಹ್ನದ ಮೇಲೆ. ಬೆಳಿಗ್ಗೆ ದಾಟಿದ ಹಳ್ಳವನ್ನು ಅದೇ ದಿನ ಸಂಜೆ ಮರಳಿ ದಾಟಬೇಕಾಗುವಂತಹ ನಡಿಗೆಯನ್ನು ಯೋಜಿಸಬೇಡಿ. ಮಣ್ಣಿನ ರಸ್ತೆಗಳ ಮೇಲ್ಪದರ ಕರಗಿ ಕೆಳಪದರ ಇನ್ನೂ ಗಡ್ಡೆಯಾಗಿರುವಾಗ ನೀರು ಕೆಳಗಿಳಿಯದೆ ನಿಂತು, ರಸ್ತೆ ಗಂಜಿಯಂತಾಗುತ್ತದೆ. ಮುಂಜಾನೆಯ ಗಟ್ಟಿ ನೆಲದ ಮೇಲೆ ಸುಲಭವಾಗಿ ಒಳಹೋದ ಕಾರು ಮಧ್ಯಾಹ್ನ ಹೊರಬರಲಾರದು. ಡಾಂಬರು ರಸ್ತೆಯಲ್ಲಿ ಸೇತುವೆಗಳ ಮೇಲೆ ವೇಗ ತಗ್ಗಿಸಿ. ಸೇತುವೆಯ ಕೆಳಗೂ ಗಾಳಿಯಾಡುವುದರಿಂದ ಉಳಿದ ರಸ್ತೆ ಒಣಗಿದ್ದಾಗಲೂ ಅಲ್ಲಿ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ ಇರಬಹುದು.

ಸುತ್ತಲೂ ತೇವವಿದೆಯೆಂದು ಬೆಂಕಿಯ ವಿಷಯದಲ್ಲಿ ಮೈಮರೆಯಬಾರದು. ಹಿಮ ಕರಗಿದ ಮೇಲೆ, ಹಸುರು ಚಿಗುರುವ ಮೊದಲು, ಹಿಂದಿನ ವರ್ಷದ ಒಣಹುಲ್ಲು ಮತ್ತು ತರಗೆಲೆ ಗಾಳಿ ಬಿಸಿಲಿಗೆ ಕೆಲವೇ ಗಂಟೆಗಳಲ್ಲಿ ಒಣಗಿ ಕಿಡಿಗೆ ಕಾದಿರುತ್ತವೆ. ಅನೇಕ ಪ್ರದೇಶಗಳಲ್ಲಿ ಕಾಡುಹುಲ್ಲಿನ ಬೆಂಕಿಗೆ ಇದೇ ಅಪಾಯದ ಕಾಲ. ಬೆಂಕಿ ಹಾಕಲು ಅನುಮತಿಯಿರುವ ಕಡೆ ಮಾತ್ರ ಸಣ್ಣದಾಗಿ ಹಾಕಿ, ನಂದಿಸುವಾಗ ನೀರು ಸುರಿದು, ಕೆದಕಿ, ಮತ್ತೆ ಸುರಿದು, ಬೂದಿಯ ಬಳಿ ಅಂಗೈಯೊಡ್ಡಿ ಬಿಸಿ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಕೊನೆಯ ತಂಗುದಾಣ

ಮನೆಗೆ ಮೂರು ಗಂಟೆ ದೂರದ ಈ ತಂಗುದಾಣದಲ್ಲಿ ಪ್ರವಾಸ ಮನೆಯ ಕಡೆಗೆ ತಿರುಗುತ್ತದೆ. ಸಾಧ್ಯವಾದರೆ ಹಿಂದಿನ ದಿನ ಮಧ್ಯಾಹ್ನವೇ ಇಲ್ಲಿಗೆ ತಲಪಿ, ಬಿಸಿಲಿರುವಾಗಲೇ ಒದ್ದೆಯಾದದ್ದನ್ನೆಲ್ಲ ಹರಡಿಬಿಡಿ. ಟೆಂಟಿನ ಗೂಟಗಳನ್ನೂ ಬೂಟಿನ ತಳವನ್ನೂ ಕಡ್ಡಿಯಿಂದ ಕೆರೆದು ಮಣ್ಣನ್ನು ಇಲ್ಲೇ ಬಿಡಿ. ಅದರೊಳಗೆ ಕಳೆಗಳ ಬೀಜಗಳು ನಿಮ್ಮ ಜೊತೆ ಊರೂರು ದಾಟಿ ಬಂದಿರುತ್ತವೆ. ಉಳಿದ ಸೌದೆಯನ್ನು ಕೂಡ ಮನೆಗೆ ಒಯ್ಯಬೇಡಿ. ತೊಗಟೆಯ ಕೆಳಗೆ ಮರಕೊರಕ ಹುಳುಗಳ ಮರಿಗಳಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ, ಮತ್ತು ಎಮರಾಲ್ಡ್ ಆ್ಯಶ್ ಬೋರರ್ ಎಂಬ ಜೀರುಂಡೆ ಉತ್ತರ ಅಮೆರಿಕದಲ್ಲಿ ಕೋಟ್ಯಂತರ ಆ್ಯಶ್ ಮರಗಳನ್ನು ಕೊಂದು ಹಬ್ಬುವುದಕ್ಕೆ ಹೀಗೆ ಸಾಗಿಸಿದ ಸೌದೆಯೂ ಒಂದು ದಾರಿಯಾಯಿತು.

ಬೆಳಿಗ್ಗೆ ಇಬ್ಬನಿ ಆರುವವರೆಗೆ ಕಾಯಲು ಸಮಯವಿಲ್ಲದಿದ್ದರೆ ಟೆಂಟಿನ ಹೊರಬಟ್ಟೆಯನ್ನು ಕೊಡವಿ, ಒಳಬಟ್ಟೆಯಿಂದ ಬೇರ್ಪಡಿಸಿ, ಆ ಖಾಲಿ ಡಬ್ಬಕ್ಕೆ ಹಾಕಿ. ಎರಡನ್ನೂ ಸೇರಿಸಿ ಸುತ್ತಿದರೆ ಒಣಗಿದ್ದ ಒಳಬಟ್ಟೆಯೂ ನೆನೆಯುತ್ತದೆ. ಮೂರು ಗಂಟೆಯ ದಾರಿಯಾದರೂ ನಡುವೆ ಒಮ್ಮೆ ನಿಲ್ಲಿಸಿ ಕಾಲಾಡಿಸಿ. ಹಲವು ರಾತ್ರಿಗಳ ಅರೆನಿದ್ರೆ ಮೈಯಲ್ಲಿ ಕೂಡಿಕೊಂಡಿರುತ್ತದೆ, ಮತ್ತು ಮನೆ ಹತ್ತಿರವಾದಾಗ ಎಚ್ಚರ ಸಡಿಲಾಗುವುದು ಸಹಜ. ಕಣ್ಣು ಎಳೆದರೆ ಸುರಕ್ಷಿತವಾದ ಕಡೆ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗುವುದೊಂದೇ ಮದ್ದು. ಕಿಟಕಿ ತೆರೆಯುವುದು, ಹಾಡು ಜೋರು ಮಾಡುವುದು ನಿದ್ರೆಯನ್ನು ತಡೆಯುವುದಿಲ್ಲ.

ಬೀಗ ತೆಗೆದ ಮೇಲೆ

ಮೊದಲ ಗಂಟೆಯ ಕೆಲಸಗಳಿಗೆ ಒಂದು ಕ್ರಮವಿರಲಿ. ಸಾಮಾನು ಇಳಿಸುವ ಮೊದಲೇ ಮುಖ್ಯ ನಲ್ಲಿಯನ್ನು ನಿಧಾನವಾಗಿ ತೆರೆದು, ಗೋಡೆ, ಸಿಂಕಿನ ಕೆಳಭಾಗ, ನೆಲಮಾಳಿಗೆಯಲ್ಲಿ ಎಲ್ಲಾದರೂ ಜಿನುಗುತ್ತಿದೆಯೇ ನೋಡಿ. ವಾರಕ್ಕೂ ಹೆಚ್ಚು ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆದಿರುವ ಸಾಧ್ಯತೆಯಿರುವುದರಿಂದ ನಲ್ಲಿಗಳನ್ನೂ ಶವರನ್ನೂ, ಹನಿ ಮುಖಕ್ಕೆ ಸಿಡಿಯದಂತೆ, ಕೆಲವು ನಿಮಿಷ ಹರಿಯಬಿಡಿ. ನಾಣ್ಯವಿಟ್ಟ ಲೋಟವನ್ನು ನೋಡಿ. ಆಮೇಲೆ ಡಬ್ಬ ತೆರೆದು ಟೆಂಟನ್ನು ಹಗ್ಗಕ್ಕೆ ಹಾಕಿ. ಒದ್ದೆ ಬಟ್ಟೆಯನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಿದರೆ ಬೂಷ್ಟಿಗೆ ಅವಕಾಶ ಸಿಗುವುದಿಲ್ಲ, ಮತ್ತು ನೀವು ಉಳಿಸಿಕೊಂಡ ಆ ಖಾಲಿ ದಿನದ ಬೆಲೆ ತಿಳಿಯುವುದು ಇಲ್ಲಿಯೇ. ಟೆಂಟನ್ನು ಒಣಗಿಸಬೇಕಾದ್ದು ನೆರಳಿನಲ್ಲಿ, ಗಾಳಿಯಾಡುವ ಕಡೆ. ನೇರ ಬಿಸಿಲಿನ ಅತಿನೇರಳೆ ಕಿರಣಗಳು ನೈಲಾನಿನ ಎಳೆಗಳನ್ನು ಸವೆಸುತ್ತವೆ. ಕೊಳೆಯಿದ್ದರೆ ಸ್ಪಂಜಿನಿಂದ ಒರೆಸಿ. ಬಟ್ಟೆ ಒಗೆಯುವ ಯಂತ್ರಕ್ಕೆ ಎಂದೂ ಹಾಕಬೇಡಿ. ಸ್ಲೀಪಿಂಗ್ ಬ್ಯಾಗುಗಳನ್ನು ಅವುಗಳ ಸಣ್ಣ ಚೀಲದಿಂದ ಹೊರತೆಗೆದು ಹರಡಿ, ಇನ್ನು ಮುಂದೆ ಸಡಿಲವಾಗಿಯೇ ಇಡಿ, ಏಕೆಂದರೆ ತಿಂಗಳುಗಟ್ಟಲೆ ಅದುಮಿಟ್ಟರೆ ಅವುಗಳೊಳಗೆ ತುಂಬಿದ ಪುಕ್ಕ ಮತ್ತೆ ಉಬ್ಬುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ.

ಸ್ನಾನಕ್ಕೆ ಹೋಗುವಾಗ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣಿಹುಳುಗಳಿಗಾಗಿ ಮೈ ಪರೀಕ್ಷಿಸಿಕೊಳ್ಳಿ. ಉಷ್ಣತೆ ಸೊನ್ನೆಗಿಂತ ಕೆಲವೇ ಡಿಗ್ರಿ ಮೇಲೇರಿದರೂ ಕೆಲವು ಜಾತಿಯವು ಚುರುಕಾಗುವುದರಿಂದ ಇನ್ನೂ ಚಳಿಯಿದೆಯೆಂಬುದು ರಕ್ಷಣೆಯಲ್ಲ. ಕಂಕುಳು, ತೊಡೆಸಂದು, ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ, ಕೂದಲಿನ ಬುಡ, ಇವನ್ನು ಮರೆಯಬೇಡಿ. ಕಚ್ಚಿಕೊಂಡಿದ್ದರೆ ಚೂಪು ಮೊನೆಯ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ, ನೇರವಾಗಿ ಮೇಲಕ್ಕೆ ಎಳೆಯಿರಿ. ಮುಂದಿನ ವಾರಗಳಲ್ಲಿ ಜ್ವರವಾಗಲಿ ಚರ್ಮದ ಮೇಲೆ ಹರಡುವ ಕೆಂಪಾಗಲಿ ಕಂಡರೆ ವೈದ್ಯರಿಗೆ ಕಚ್ಚಿದ ದಿನವನ್ನು ತಿಳಿಸಿ. ಪ್ರವಾಸದ ಬಟ್ಟೆಗಳನ್ನು ಒಗೆಯುವ ಮೊದಲೇ ಬಿಸಿಗಾಳಿಯ ಡ್ರೈಯರಿನಲ್ಲಿ ಹತ್ತು ನಿಮಿಷ ತಿರುಗಿಸಿದರೆ ಒಣ ಬಟ್ಟೆಯಲ್ಲಿ ಅಡಗಿರುವ ಹುಳುಗಳು ಸಾಯುತ್ತವೆ. ಉಪ್ಪು ಚೆಲ್ಲಿದ ರಸ್ತೆಗಳಲ್ಲಿ ಓಡಿದ ಕಾರಿನ ತಳಭಾಗವನ್ನು ಅದೇ ವಾರದಲ್ಲಿ ನೀರು ಹಾಯಿಸಿ ತೊಳೆಯಿರಿ. ಬಿಸಿಲು ಏರಿದಷ್ಟೂ ಉಪ್ಪು ಕಬ್ಬಿಣವನ್ನು ವೇಗವಾಗಿ ತಿನ್ನುತ್ತದೆ.

ಅಂಗಳದಲ್ಲಿ ಕಾದಿರುವ ವಸಂತ

ಟೆಂಟು ಒಣಗುತ್ತಿರುವಾಗ ಅಂಗಳಕ್ಕೆ ಹೋಗಿ, ಆದರೆ ಮೊದಲ ಸುತ್ತಿನಲ್ಲಿ ಕೈಗೆ ಯಾವ ಉಪಕರಣವನ್ನೂ ತೆಗೆದುಕೊಳ್ಳಬೇಡಿ. ಹಲವು ದಿನ ಹೊರಗಿದ್ದು ಬಂದವರಿಗೆ ಎಲ್ಲವನ್ನೂ ಒಂದೇ ದಿನ ಗುಡಿಸಿ ಅಗೆದು ಸರಿಪಡಿಸುವ ಹುರುಪಿರುತ್ತದೆ, ಮತ್ತು ವಸಂತದ ಆರಂಭದಲ್ಲಿ ಆ ಹುರುಪಿನಿಂದ ಆಗುವ ಹಾನಿ ಸಣ್ಣದಲ್ಲ. ಒಂದು ಹಿಡಿ ಮಣ್ಣನ್ನು ತೆಗೆದು ಮುಷ್ಟಿಯಲ್ಲಿ ಅದುಮಿ ನೋಡಿ. ಬೆರಳಿನಿಂದ ತಟ್ಟಿದಾಗ ಪುಡಿಯಾಗಿ ಉದುರಿದರೆ ಅಗೆಯಬಹುದು. ಉಂಡೆ ಉಂಡೆಯಾಗಿಯೇ ಉಳಿದರೆ ಇನ್ನೂ ಕಾಯಬೇಕು, ಏಕೆಂದರೆ ಒದ್ದೆ ಮಣ್ಣನ್ನು ತುಳಿದು ತಿರುವಿದರೆ ಅದರೊಳಗಿನ ಗಾಳಿಯ ರಂಧ್ರಗಳು ಮುಚ್ಚಿ, ಒಣಗಿದಾಗ ಇಟ್ಟಿಗೆಯಂತಾಗುತ್ತದೆ. ತರಗೆಲೆಗಳ ರಾಶಿಯನ್ನೂ ಹಿಂದಿನ ವರ್ಷದ ಟೊಳ್ಳು ಕಾಂಡಗಳನ್ನೂ ಹಗಲು ಸ್ಥಿರವಾಗಿ ಬೆಚ್ಚಗಾಗುವವರೆಗೆ ಹಾಗೆಯೇ ಬಿಡಿ. ಚಿಟ್ಟೆಗಳ ಕೋಶಗಳು, ಜೇಡಗಳು, ಒಂಟಿ ಜೇನ್ನೊಣಗಳು ಚಳಿಗಾಲ ಕಳೆಯುವುದು ಅಲ್ಲಿಯೇ, ಮತ್ತು ನೀವು ಕಾಡಿನಲ್ಲಿ ಪ್ರೀತಿಯಿಂದ ನೋಡಿ ಬಂದ ಜೀವಿಗಳ ಬಂಧುಗಳೇ ಅವು. ಪೊದೆಗಳನ್ನು ಕತ್ತರಿಸುವ ಮೊದಲು ಹಕ್ಕಿಗಳು ಗೂಡು ಕಟ್ಟಲು ಶುರುಮಾಡಿವೆಯೇ ಎಂದು ಬಗ್ಗಿ ನೋಡಿ.

ಬಿತ್ತುವ ಕೈ ತುರಿಸುತ್ತಿದ್ದರೆ ಬಟಾಣಿಯಿಂದ ಶುರುಮಾಡಿ. ಮಣ್ಣು ಸುಮಾರು 5 ಡಿಗ್ರಿ ಇದ್ದರೂ ಅದು ನಿಧಾನವಾಗಿ ಮೊಳೆಯುತ್ತದೆ, ಮತ್ತು ಎಳೆಯ ಸಸಿ ಸಣ್ಣ ಹಿಮವನ್ನು ತಾಳುತ್ತದೆ. ಪಾಲಕವೂ ಹಾಗೆಯೇ. ಟೊಮೆಟೊ, ಮೆಣಸಿನಕಾಯಿಯಂಥವನ್ನು ಮಾತ್ರ ಒಳಗಿನ ತಟ್ಟೆಗಳಲ್ಲಿ ಬಿತ್ತಿ, ಹಿಮದ ಭಯ ಪೂರ್ತಿ ಕಳೆದ ಮೇಲೆ, ಏಳರಿಂದ ಹತ್ತು ದಿನ ದಿನಕ್ಕಷ್ಟು ಹೊತ್ತು ಹೊರಗಿಟ್ಟು ಒಗ್ಗಿಸಿ ನೆಡಬೇಕು. ಬೆಚ್ಚಗಿನ ಎರಡು ಮಧ್ಯಾಹ್ನಗಳನ್ನು ನಂಬಿ ಮೋಸಹೋಗಬೇಡಿ. ಟೆಂಟಿನಲ್ಲಿ ಮಲಗಿ ಬಂದ ನಿಮಗೆ ತಿಳಿಯಾದ ಆಕಾಶದ ರಾತ್ರಿ ಎಂಥದೆಂಬುದು ಚೆನ್ನಾಗಿ ಗೊತ್ತಿರುತ್ತದೆ, ಮತ್ತು ನಿಮ್ಮ ಅಂಗಳದ ತಗ್ಗಿನ ಮೂಲೆಯಲ್ಲಿಯೂ ಅದೇ ತಣ್ಣನೆಯ ಗಾಳಿ ಬಂದು ನಿಲ್ಲುತ್ತದೆ.

ಆ ಮೊದಲ ಸುತ್ತಿನಲ್ಲಿ ಕಂಡದ್ದನ್ನು ಬರೆದಿಡಿ. ಇಂಗ್ಲೆಂಡಿನ ನಾರ್ಫೋಕಿನಲ್ಲಿ ರಾಬರ್ಟ್ ಮಾರ್ಷಮ್ ಎಂಬವರು 1736ರಿಂದ ಮೊದಲ ಹೂವು, ಮೊದಲ ಎಲೆ, ಮೊದಲ ಹಕ್ಕಿಯ ದಿನಾಂಕಗಳನ್ನು ವರ್ಷವರ್ಷವೂ ದಾಖಲಿಸತೊಡಗಿದರು, ಅವರ ನಂತರ ಅವರ ಮನೆತನದವರು ಅದನ್ನು ಇಪ್ಪತ್ತನೆಯ ಶತಮಾನದವರೆಗೂ ಮುಂದುವರಿಸಿದರು. ಹವಾಮಾನ ಬದಲಾಗುತ್ತಿರುವ ಬಗೆಯನ್ನು ಅರಿಯಲು ವಿಜ್ಞಾನಿಗಳು ಇಂದಿಗೂ ಆ ಪಟ್ಟಿಯನ್ನು ತೆರೆಯುತ್ತಾರೆ. ನಮಗೆ ಅಷ್ಟು ದೊಡ್ಡ ಉದ್ದೇಶ ಬೇಕಾಗಿಲ್ಲ. ಯಾವ ಮರದ ಮೊಗ್ಗು ಯಾವ ಹಂತದಲ್ಲಿತ್ತು, ಯಾವ ಹೂವು ಅರಳಿತ್ತು, ಯಾವುದು ಆಗಲೇ ಬಾಡಿತ್ತು, ಮಣ್ಣು ಮುಷ್ಟಿಯಲ್ಲಿ ಹೇಗಿತ್ತು, ಇಷ್ಟನ್ನು ತಾರೀಖಿನೊಂದಿಗೆ ಬರೆಯಲು ಅರ್ಧ ಪುಟ ಸಾಕು.

ಟೆಂಟಿನ ಹೊಲಿಗೆಗಳು ಒಣಗುವುದು ಎಲ್ಲಕ್ಕಿಂತ ಕೊನೆಗೆ, ಆದ್ದರಿಂದ ಮಡಚುವ ಮೊದಲು ಅವನ್ನೇ ಬೆರಳಿನಿಂದ ಮುಟ್ಟಿ ನೋಡಿ. ಹಳೆಯ ಗೆರೆಗಳಲ್ಲೇ ಮಡಚಿದರೆ ಬಟ್ಟೆಯ ಲೇಪ ಆ ಜಾಗದಲ್ಲಿ ಬಿರಿಯುತ್ತದೆ; ಸಡಿಲವಾಗಿ ತುರುಕಿ ಗಾಳಿಯಾಡುವ ಹತ್ತಿಯ ಚೀಲದಲ್ಲಿಡಿ. ಬಾಗಿದ ಗೂಟ, ಸಡಿಲವಾದ ಜಿಪ್, ಸಾಲದೆ ಬಂದ ಹಗ್ಗ, ಇವುಗಳ ಚೀಟಿಯನ್ನು ಅದೇ ಚೀಲದೊಳಗೆ ಹಾಕಿ, ಜೊತೆಗೆ ಅಂಗಳದ ಆ ಅರ್ಧ ಪುಟದ ಪ್ರತಿಯೊಂದನ್ನೂ ಇಡಿ. ಮೂರ್ನಾಲ್ಕು ವರ್ಷಗಳ ಪುಟಗಳು ಸೇರಿದ ಮೇಲೆ ಮೊದಲ ಹೂವು ಅರಳುವ ವಾರ ಹೆಚ್ಚುಕಡಿಮೆ ಯಾವುದೆಂದು ನಿಮಗೇ ತಿಳಿಯುತ್ತದೆ, ಮುಂದಿನ ಪ್ರವಾಸದಿಂದ ಮರಳುವ ದಿನವನ್ನು ಅದಕ್ಕಿಂತ ಎರಡು ದಿನ ಮುಂಚೆ ಇಟ್ಟುಕೊಳ್ಳಬಹುದು.